ವಾರ್ಷಿಕೋತ್ಸವಕ್ಕೆ ಕಡಲ ರಾಜನ ನಾಟಕ ಮಾಡಿಸುವುದು ಹೇಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳಲ್ಲಿ ಡಿಸೆಂಬರ್ ಬಂತು ಅಂದ್ರೆ ವಾರ್ಷಿಕೋತ್ಸವದ ಗಲಾಟೆ ಶುರು. ಮಕ್ಕಳು ಸೂಪರ್‌ಹೀರೋ ನಾಟಕವೇ ಬೇಕು ಅಂತ ಹಟ ಹಿಡಿದಿದ್ದರೆ ಹಾರುವ ಹೀರೋನ ಸಹವಾಸಕ್ಕೆ ಹೋಗಬೇಡಿ. ಅವನನ್ನು ಹಾರಿಸಲೇಬೇಕು, ಅದಕ್ಕೆ ಹಗ್ಗ ಕಟ್ಟಬೇಕು, ಮಾಡಿನ ತೊಲೆ ಗಟ್ಟಿ ಇದೆಯಾ ಅಂತ ನೋಡಬೇಕು, ಅಷ್ಟರಲ್ಲಿ ಹೆಡ್‌ಮೇಷ್ಟ್ರ ಬಿಪಿ ಏರಿರುತ್ತದೆ. ಕಡಲಿನ ಕೆಳಗೆ ಆಳುವ ರಾಜನನ್ನು ಆರಿಸಿಕೊಳ್ಳಿ. ಅವನ ರಾಜ್ಯ ಕಟ್ಟಲು ಎರಡು ನೀಲಿ ಸೀರೆ ಸಾಕು.

ಮೊದಲ ಕೆಲಸ ಖಳನದ್ದು. ಹೆಚ್ಚಿನವರು ರಾಜನ ಕಿರೀಟದಿಂದ ಶುರು ಮಾಡುತ್ತಾರೆ, ಕೊನೆಗೆ ಖಳ ಬಂದು "ಹಹಹಾ" ಅಂತ ನಕ್ಕು ಹೊಡೆಸಿಕೊಂಡು ಹೋಗುತ್ತಾನೆ. ಅವನು ಯಾಕೆ ಬಂದ ಅಂತ ನೋಡುವವರಿಗೂ ಗೊತ್ತಾಗುವುದಿಲ್ಲ, ಪಾರ್ಟು ಮಾಡಿದ ಹುಡುಗನಿಗೂ ಗೊತ್ತಿರುವುದಿಲ್ಲ. ದಾಳಿ ಮಾಡುವವನಿಗೆ ಏನೋ ಒಂದು ಬೇಕಾಗಿರಬೇಕು. ಆ ಒಂದು ವಸ್ತು ಸಿಕ್ಕಿದರೆ ಅರ್ಧ ನಾಟಕ ಬರೆದ ಹಾಗೆ.

ಇದಕ್ಕೆ ಎಲ್ಲೋ ಹುಡುಕಬೇಕಾಗಿಲ್ಲ, ನಮ್ಮ ಊರಿನ ಚರಿತ್ರೆಯಲ್ಲೇ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯವರೆಗೆ ಬಂದದ್ದು ಮೆಣಸಿನ ಆಸೆಗೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಇಲ್ಲಿಗೆ ಬಂದು ಅವರು ಮಾಡಿದ್ದು ಕೇಳಿ. ಸಮುದ್ರದಲ್ಲಿ ಓಡಾಡುವ ಹಡಗುಗಳೆಲ್ಲ ತಮ್ಮಿಂದ 'ಕಾರ್ತಾಜ್' ಅನ್ನುವ ಪರವಾನಗಿ ಚೀಟಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಸರಕಿನ ಸಮೇತ ಜಪ್ತಿ! ಯಾರ ಅಪ್ಪನ ಆಸ್ತಿಯೂ ಅಲ್ಲದ ನೀರಿಗೆ ಟಿಕೆಟ್. ಖಳನಿಗೆ ಇದಕ್ಕಿಂತ ಒಳ್ಳೆ ಪ್ರವೇಶ ಬೇಕಾ? ಅವನು ರಂಗಕ್ಕೆ ಬಂದವನೇ ಒಂದು ಮುದಿ ಆಮೆಯನ್ನು ತಡೆದು, "ಎಲ್ಲಿಗೆ ಈಜುತ್ತಿದ್ದೀಯ? ಚೀಟಿ ತೋರಿಸು" ಅನ್ನಲಿ. ಆಮೆ, "ಅಪ್ಪಾ, ನಾನು ನಿಮ್ಮ ಅಜ್ಜನ ಅಜ್ಜನ ಕಾಲದಿಂದ ಇಲ್ಲೇ ಈಜ್ತಾ ಇದ್ದೀನಿ" ಅನ್ನಲಿ. ಅಷ್ಟಕ್ಕೇ ಜನ ಆಮೆಯ ಕಡೆ ಆಗುತ್ತಾರೆ.

ರಾಜ ಹೇಗೆ ಎದುರು ನಿಲ್ಲಬೇಕು ಅನ್ನುವುದಕ್ಕೂ ಮಾದರಿಗಳಿವೆ. ಉಳ್ಳಾಲದ ಅಬ್ಬಕ್ಕ ಕಪ್ಪ ಕೊಡುವುದಿಲ್ಲ ಅಂತ ಪೋರ್ಚುಗೀಸರ ಮುಖಕ್ಕೇ ಹೇಳಿದವಳು. ಶರಾವತಿ ದಂಡೆಯ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕ ಅಂತೂ ಘಟ್ಟದ ಮೇಲೆ ಬಿದನೂರಿನಲ್ಲಿ ಕೂತು ಹೊನ್ನಾವರ, ಗಂಗೊಳ್ಳಿ, ಬಸ್ರೂರುಗಳಿಂದ ಪೋರ್ಚುಗೀಸರನ್ನು ಓಡಿಸಿದ. ನಮ್ಮ ಅಕ್ಕಿ, ಮೆಣಸು ಹೊರಗೆ ಹೋಗಬೇಕಾದದ್ದು ಆ ಬಂದರುಗಳಿಂದಲೇ, ಹಾಗಾಗಿ ಮಲೆನಾಡಿನ ರಾಜನಿಗೂ ಕಡಲ ಬಾಗಿಲು ಕಾಯದೆ ವಿಧಿ ಇರಲಿಲ್ಲ. ತಾಲೀಮು ಶುರು ಮಾಡುವ ಮೊದಲು ಮಕ್ಕಳನ್ನು ಆ ಬಿದನೂರಿನ (ಈಗ ಅದರ ಹೆಸರು 'ನಗರ') ಕೋಟೆಗೆ ಒಮ್ಮೆ ಕರೆದುಕೊಂಡು ಹೋಗಿ. ಶಿವಮೊಗ್ಗ ಹತ್ತಿರ ಆದರೆ ಅಲ್ಲಿನ ಶಿವಪ್ಪ ನಾಯಕ ಅರಮನೆಗೆ.

ಈಗಿನ ಕಾಲದ ಖಳ ಬೇಕು ಅಂದರೆ ಮೆಣಸಿನ ಜಾಗದಲ್ಲಿ ಕಲ್ಲು ಇಡಿ. ಸಮುದ್ರದ ತಳದಲ್ಲಿ, 4,000ದಿಂದ 6,000 ಮೀಟರ್ ಆಳದಲ್ಲಿ, ಆಲೂಗಡ್ಡೆ ಗಾತ್ರದ ಕಪ್ಪು ಗಂಟುಗಳು ಹರಡಿ ಬಿದ್ದಿವೆ. ಅದರಲ್ಲಿ ಮ್ಯಾಂಗನೀಸ್, ನಿಕಲ್, ಕೋಬಾಲ್ಟ್, ತಾಮ್ರ ಇದೆ. ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದಲ್ಲಿ ಇವುಗಳನ್ನು ಹುಡುಕುವ ಹಕ್ಕು ಭಾರತಕ್ಕೂ ಇದೆ. ಬ್ಯಾಟರಿಗೆ ಕೋಬಾಲ್ಟ್, ನಿಕಲ್ ಬೇಕು, ನಾಟಕ ನೋಡುವವರ ಕೈಯಲ್ಲೂ ಮೊಬೈಲ್ ಇರುತ್ತದೆ. ಹಾಗಾಗಿ ಖಳ ಸಭಿಕರ ಕಡೆ ಬೆರಳು ತೋರಿಸಿ "ಇವರಿಗೆ ಬೇಕು ಅಂತ ತಾನೇ ನಾನು ಬಂದದ್ದು?" ಅಂತ ಕೇಳಬಹುದು. ನನಗೆ ಈ ಖಳ ಜಾಸ್ತಿ ಇಷ್ಟ, ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ.

ಒಂದು ಎಚ್ಚರಿಕೆ. ಮೀನುಗಾರರನ್ನು ಖಳ ಮಾಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗೆ ಇಳಿಸದೆ ಕಾಯುವವರು ಅವರೇ. ಮೀನು ಮರಿ ಮಾಡುವ ಕಾಲ ಅದು. ರಾಜನಿಗೆ ಮೇಲಿನ ಸುದ್ದಿ ತಂದುಕೊಡುವ ಸ್ನೇಹಿತ ಹೊನ್ನಾವರದ ಒಬ್ಬ ಮೀನುಗಾರ ಆಗಲಿ.

ಮಲೆನಾಡಿನ ಒಬ್ಬ ಹುಡುಗಿಯೂ ಕಥೆಯಲ್ಲಿ ಇದ್ದರೆ ಚೆನ್ನ. ಅವಳು ರಾಜನಿಗೆ ಓಲೆ ಬರೆದು ಹೊಳೆಯಲ್ಲಿ ತೇಲಿಬಿಡುತ್ತಾಳೆ ಅಂತ ಇಟ್ಟುಕೊಳ್ಳಿ. ಆದರೆ ಯಾವ ಹೊಳೆ ಅಂತ ನೋಡಿಕೊಳ್ಳಿ. ತುಂಗೆಯಲ್ಲಿ ಬಿಟ್ಟರೆ ಅದು ಭದ್ರೆಯನ್ನು ಕೂಡಿ, ಕೃಷ್ಣೆ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅರಬ್ಬೀ ಸಮುದ್ರದ ರಾಜನಿಗೆ ಓಲೆ ಸಿಗಬೇಕಾದರೆ ಶರಾವತಿಯೇ ಆಗಬೇಕು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ 253 ಮೀಟರ್ ಬಿದ್ದು, ಹೊನ್ನಾವರದಲ್ಲಿ ಕಡಲು ಸೇರುವ ಹೊಳೆ ಅದು. ಓಲೆ ಡ್ಯಾಮಿನಲ್ಲಿ ಸಿಕ್ಕಿಹಾಕಿಕೊಳ್ಳುವ ಒಂದು ಹಾಸ್ಯದ ದೃಶ್ಯ ಅಲ್ಲೇ ರೆಡಿ ಇದೆ, ಮಕ್ಕಳಿಗೇ ಬರೆಯಲು ಬಿಡಿ.

ಇನ್ನು ರಾಜ. ಅಮೆರಿಕದ ಕಾಮಿಕ್‌ಗಳಲ್ಲಿ ಕಡಲ ರಾಜರು 1939ರಿಂದಲೇ ಇದ್ದಾರೆ. ಮೊದಲು ನೇಮರ್ ಬಂದ, 1941ರಲ್ಲಿ ಅಕ್ವಾಮ್ಯಾನ್. ಹಳೇ ಕಥೆಗಳಲ್ಲಿ ಅಕ್ವಾಮ್ಯಾನ್‌ಗೆ ಒಂದು ಕಟ್ಟು ಇತ್ತು: ನೀರಿನಿಂದ ಹೊರಗೆ ಒಂದು ಗಂಟೆಗಿಂತ ಜಾಸ್ತಿ ಇರುವ ಹಾಗಿಲ್ಲ. ಅವನ ಹೆಸರು, ವೇಷ ಏನೂ ನಮಗೆ ಬೇಡ, ಈ ಥರದ ಒಂದು ಕಟ್ಟು ಮಾತ್ರ ಬೇಕು. ನಮ್ಮ ಪುರಾಣದಲ್ಲಿ ಕಾಲಕೇಯರು ಸಮುದ್ರದಲ್ಲಿ ಅಡಗಿದಾಗ ಅಗಸ್ತ್ಯರು ಸಮುದ್ರವನ್ನೇ ಕುಡಿದುಬಿಟ್ಟರು, ಅಲ್ವಾ? ಅಂಥ ಶಕ್ತಿಯನ್ನು ನಿಮ್ಮ ರಾಜನಿಗೆ ಕೊಟ್ಟರೆ ನಾಟಕ ಎರಡು ನಿಮಿಷಕ್ಕೆ ಮುಗಿಯುತ್ತದೆ. ರಾಜನಿಗೆ ಏನು ಆಗುತ್ತದೆ ಅನ್ನುವುದಕ್ಕಿಂತ ಏನು ಆಗುವುದಿಲ್ಲ ಅನ್ನುವುದನ್ನು ಮೊದಲು ಬರೆದಿಟ್ಟುಕೊಳ್ಳಿ.

ಕೈಗೆ ತ್ರಿಶೂಲ ಕೊಡಬೇಡಿ. ಪಶ್ಚಿಮದವರ ಕಡಲ ದೇವರ ಕೈಯಲ್ಲಿ ಅದು ಇರುತ್ತದೆ ನಿಜ, ಆದರೆ ನಮ್ಮೂರ ಸಭೆಯಲ್ಲಿ ತ್ರಿಶೂಲ ಕಂಡರೆ ಅಜ್ಜಿಯರು ಕೈ ಮುಗಿಯುತ್ತಾರೆ, ಶಿವ ಬಂದ ಅಂತ. ವರುಣನ ಆಯುಧ ಪಾಶ, ವಾಹನ ಮಕರ. ಪಾಶ ಅಂದರೆ ಹಗ್ಗ. ಕೊಟ್ಟಿಗೆಯಲ್ಲಿ ಸಿಗುತ್ತದೆ, ಯಾರ ಕಣ್ಣಿಗೂ ಚುಚ್ಚುವುದಿಲ್ಲ, ಬೀಸಿದರೆ ದೂರದಲ್ಲಿ ಕೂತವರಿಗೂ ಕಾಣುತ್ತದೆ.

ವೇಷಕ್ಕೆ ಥರ್ಮಾಕೋಲ್ ತರಲು ಪೇಟೆಗೆ ಓಡಬೇಡಿ. ಅಡಿಕೆ ಹಾಳೆ ಇದೆಯಲ್ಲ! ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೆ ಹಾಳೆ ಮೆತ್ತಗಾಗುತ್ತದೆ. ಆಗ ಮಗುವಿನ ತಲೆ, ಎದೆ, ಭುಜದ ಅಳತೆಗೆ ಬಗ್ಗಿಸಿ, ದಾರ ಕಟ್ಟಿ, ನೆರಳಿನಲ್ಲಿ ಒಣಗಲು ಬಿಡಿ. ಒಣಗಿದ ಮೇಲೆ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ಕಿರೀಟ, ಎದೆಕವಚ, ಭುಜಕೀರ್ತಿ ಎಲ್ಲ ಇದರಲ್ಲೇ ಆಗುತ್ತದೆ, ತೂಕವೂ ಇಲ್ಲ. ಮೇಲೆ ಬೆಳ್ಳಿ ಬಣ್ಣ ಬಳಿದರೆ ಮೀನಿನ ಪೊರೆಯ ಹಾಗೆ ಹೊಳೆಯುತ್ತದೆ. ಆಮೆಗೆ ಗೊರಬು, ಅಂದರೆ ಮಳೆಯಲ್ಲಿ ನಾಟಿ ಮಾಡುವಾಗ ತಲೆ, ಬೆನ್ನು ಮುಚ್ಚುವ ಹಾಗೆ ಹಾಕಿಕೊಳ್ಳುತ್ತಿದ್ದ ಹೊದಿಕೆ. ಹಳೇ ಮನೆಗಳ ಅಟ್ಟದಲ್ಲಿ ಇನ್ನೂ ಒಂದೊಂದು ಉಳಿದಿರುತ್ತದೆ, ಈಗ ನಾಟಿಗೆ ಎಲ್ಲರೂ ಪ್ಲಾಸ್ಟಿಕ್ ಕೊಪ್ಪೆಯನ್ನೇ ಹಾಕುವುದರಿಂದ ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಬೆನ್ನ ಮೇಲೆ ಗೊರಬು ಹಾಕಿಕೊಂಡು ಬಗ್ಗಿ ನಡೆದರೆ ಅದಕ್ಕಿಂತ ಒಳ್ಳೆ ಆಮೆ ಯಾವ ಡ್ರೆಸ್ ಅಂಗಡಿಯಲ್ಲೂ ಸಿಗುವುದಿಲ್ಲ. ಖಳರ ಪಂಜರಕ್ಕೆ ಕೂಣಿ ಇಡಿ, ಮಳೆಗಾಲದಲ್ಲಿ ನೀರಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನು ಹಿಡಿಯುವ ಬುಟ್ಟಿ ಅದು.

ಕಡಲು ತೋರಿಸಲು ಯಕ್ಷಗಾನದ ತೆರೆಯಿಂದ ಉಪಾಯ ಸಾಲ ತೆಗೆದುಕೊಳ್ಳಿ. ನೀಲಿ ಸೀರೆಯನ್ನು ಇಬ್ಬರು ಮಕ್ಕಳು ಸೊಂಟದ ಮಟ್ಟಕ್ಕೆ ಹಿಡಿದು ಅಲುಗಿಸಿದರೆ ನಾವು ಕಡಲ ಮೇಲಿದ್ದೇವೆ. ಅದೇ ಸೀರೆಯನ್ನು ಬಿದಿರಿನ ಗಳಕ್ಕೆ ಕಟ್ಟಿ ತಲೆಯ ಮೇಲೆ ಎತ್ತಿ ಹಿಡಿದರೆ ಕಡಲ ಒಳಗೆ ಬಂದೆವು. ಮೊದಲ ದೃಶ್ಯದಲ್ಲೇ ಇದನ್ನು ಎರಡು ಸಲ ಮಾಡಿ ತೋರಿಸಿ, ಆಮೇಲೆ ಯಾರಿಗೂ ವಿವರಿಸಬೇಕಾಗಿಲ್ಲ. ಮಕ್ಕಳು ಕೈ ಬೀಸಿ ಈಜುವ ನಟನೆ ಮಾಡುವುದು ಬೇಡ, ಇಡೀ ರಂಗ ಬಸ್ ಸ್ಟ್ಯಾಂಡ್ ಆಗಿಬಿಡುತ್ತದೆ. ರಾಜನ ಕಡೆಯವರು ಸಲೀಸಾಗಿ ನಡೆಯಲಿ, ಖಳರು ಮಾತ್ರ ಭಾರವಾಗಿ, ನಿಧಾನವಾಗಿ ಹೆಜ್ಜೆ ಎತ್ತಿಡಲಿ. ನೀರು ಯಾರದ್ದು ಅಂತ ಅದರಲ್ಲೇ ಗೊತ್ತಾಗುತ್ತದೆ. ಅದಕ್ಕೆ ಕಾರಣವೂ ಇದೆ: ಪ್ರತಿ 10 ಮೀಟರ್ ಕೆಳಗೆ ಹೋದ ಹಾಗೆ ಮೈಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಬೀಳುತ್ತದೆ, 4,000 ಮೀಟರ್‌ನಲ್ಲಿ ಅದು 400 ಪಟ್ಟು.

ಲೈಟಿನ ವಿಷಯದಲ್ಲಿ ಒಂದು ಚಂದದ ತಂತ್ರ ಇದೆ. ನೀರಿನಲ್ಲಿ ಮೊದಲು ಮಾಯವಾಗುವ ಬಣ್ಣ ಕೆಂಪು, ಅದಕ್ಕೇ ಆಳದ ಎಷ್ಟೋ ಜೀವಿಗಳ ಮೈ ಕೆಂಪಾಗಿರುತ್ತದೆ, ಅಲ್ಲಿ ಅವು ಕಾಣುವುದೇ ಇಲ್ಲ. ಖಳರಿಗೆ ಕಡುಕೆಂಪು ಬಟ್ಟೆ ಹೊಲಿಸಿ. ಕಡಲ ಮೇಲಿನ ದೃಶ್ಯದಲ್ಲಿ ಬಿಳಿ ಲೈಟು ಹಾಕಿ, ಕೆಂಪು ಝಗ್ ಅಂತ ಎದ್ದು ಕಾಣುತ್ತದೆ. ಕಡಲ ಒಳಗೆ ಬಂದ ಕೂಡಲೇ ಉಳಿದದ್ದೆಲ್ಲ ಆರಿಸಿ ಬರೀ ನೀಲಿ ಲೈಟು ಹಾಕಲು ಹೇಳಿ. ಅದೇ ಬಟ್ಟೆ ಕಪ್ಪಾಗಿಬಿಡುತ್ತದೆ! ಲೈಟಿನವರ ಜೊತೆ ಹಿಂದಿನ ದಿನವೇ ಒಮ್ಮೆ ನೋಡಿಕೊಳ್ಳಿ, ಕೆಲವು ನೀಲಿ ಬಲ್ಬುಗಳಲ್ಲಿ ಬೇರೆ ಬಣ್ಣವೂ ಸೇರಿರುತ್ತದೆ.

ಯುದ್ಧಕ್ಕೆ ಇಡೀ ಐದನೇ ಕ್ಲಾಸನ್ನು ಮೀನು ಮಾಡಿ ರಂಗಕ್ಕೆ ನುಗ್ಗಿಸಬೇಡಿ. ಮೂರು ಜೀವಿ ಸಾಕು. ಒಂದು ಆಮೆ, ಆಗಲೇ ಇದೆ. ಎರಡನೆಯದು ಆಕ್ಟೋಪಸ್. ನಾಲ್ಕು ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಎಂಟು ಕೈ ಆಯಿತು. ಆಕ್ಟೋಪಸ್‌ಗೆ ಮೂರು ಹೃದಯ ಇರುತ್ತದೆ, ನಾಲ್ಕು ಮಕ್ಕಳಿಗೆ ಹಂಚಿದರೆ ಒಬ್ಬನಿಗೆ ಸಿಗುವುದಿಲ್ಲ. ಅವನನ್ನೇ ಹಾಸ್ಯಗಾರ ಮಾಡಿ: ಮೂವರು "ನಡೀರಿ ಯುದ್ಧಕ್ಕೆ" ಅನ್ನುವಾಗ ಇವನು "ನಂಗೆ ಮನೆಗೆ ಹೋಗ್ಬೇಕು" ಅನ್ನಲಿ. ಮೂರನೆಯದು ಪಿಸ್ತೂಲ್ ಸಿಗಡಿ. ಬೆರಳುದ್ದದ ಜೀವಿ, ಕೊಂಡಿಯನ್ನು ಫಟ್ ಅಂತ ಮುಚ್ಚಿ ಎಬ್ಬಿಸುವ ಹೊಡೆತಕ್ಕೆ ಎದುರಿನ ಬೇಟೆ ತತ್ತರಿಸಿ ಬೀಳುತ್ತದೆ. ಈ ಪಾರ್ಟನ್ನು ಶಾಲೆಯಲ್ಲೇ ಪುಟ್ಟ ಮಗುವಿಗೆ ಕೊಡಿ. ಮಗು ಚಿಟಿಕೆ ಹೊಡೆದ ಕ್ಷಣಕ್ಕೆ ಒಳಗಿನಿಂದ ಚಂಡೆ ಒಂದೇ ಪೆಟ್ಟು ಬೀಳಬೇಕು, ಮೂವರು ಖಳರು ಒಟ್ಟಿಗೆ ಅಂಗಾತ. ಚಪ್ಪಾಳೆ ಗ್ಯಾರಂಟಿ. ಚಂಡೆಯವರು ಸಿಗದಿದ್ದರೆ ಪಾತ್ರೆಯೂ ನಡೆಯುತ್ತದೆ, ಆದರೆ ನಮ್ಮ ಕಡೆ ಯಾವ ಊರಲ್ಲಿ ಚಂಡೆ ಇಲ್ಲ ಹೇಳಿ.

ರಾಜನಿಗೆ ದಾಳಿಯ ಸುದ್ದಿ ಮೊದಲೇ ತಿಳಿಯುವುದು ಶಬ್ದದಿಂದ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಿನಲ್ಲಿ ಸುಮಾರು 1,500 ಮೀಟರ್. ಹಾಗಾಗಿ ಖಳರು ಎಲ್ಲೋ ದೂರದಲ್ಲಿ ತಳ ಕೊರೆಯಲು ಶುರು ಮಾಡಿದ ಕೂಡಲೇ ರಾಜ ಸಿಂಹಾಸನದಲ್ಲಿ ತಲೆ ಎತ್ತಲಿ. ಒಡ್ಡೋಲಗದ ಮಧ್ಯೆ ಮಾತು ನಿಲ್ಲಿಸಿ ಕಿವಿಗೊಟ್ಟು ಕೂತ ರಾಜ, ಹಿಂದೆ ಸಣ್ಣಗೆ ಚಂಡೆಯ ಗುರುಗುರು. ಇದನ್ನು ಅವಸರ ಮಾಡದೆ ಆಡಿಸಿ, ನಾಟಕದಲ್ಲಿ ಮೈ ಜುಂ ಅನ್ನಿಸುವ ಜಾಗ ಇದೇ.

ಸೋಲಿಸುವುದು ಹೇಗೆ? ಬರೀ ಹೊಡೆದಾಟದಲ್ಲಿ ಬೇಡ. 200 ಮೀಟರ್ ಕೆಳಗೆ ಸೂರ್ಯನ ಬೆಳಕು ಹೆಚ್ಚು ಕಡಿಮೆ ಇರುವುದೇ ಇಲ್ಲ, ಖಳರು ನಂಬಿರುವುದು ತಮ್ಮ ದೊಡ್ಡ ಲೈಟುಗಳನ್ನೇ. ಆಕ್ಟೋಪಸ್ ಮಸಿ ಕಾರುತ್ತದೆ, ಅಂದರೆ ನಾಲ್ವರೂ ಕಪ್ಪು ಬಟ್ಟೆ ಬೀಸಿ ಆ ಲೈಟುಗಳನ್ನು ಮುಚ್ಚುತ್ತಾರೆ. ಆಗ ಪೂರ್ತಿ ಕತ್ತಲು. ಆ ಕತ್ತಲಲ್ಲಿ ಬಣ್ಣದ ಕಾಗದ ಸುತ್ತಿದ ಸಣ್ಣ ಟಾರ್ಚುಗಳು ಒಂದೊಂದಾಗಿ ಹೊತ್ತಿಕೊಳ್ಳಬೇಕು, ಆಳದ ಮೀನುಗಳು ಮೈಯಿಂದಲೇ ಬೆಳಕು ಬಿಡುವ ಹಾಗೆ. ಖಳರಿಗೆ ದಿಕ್ಕು ತಪ್ಪುತ್ತದೆ, ಪಾಶ ಬೀಳುತ್ತದೆ. ಮಧ್ಯದಲ್ಲಿ ನಿಜವಾಗಿಯೇ ಕರೆಂಟ್ ಹೋದರೂ ಜನ ನಾಟಕದ ಭಾಗ ಅಂದುಕೊಳ್ಳುತ್ತಾರೆ, ನಮ್ಮ ಕಡೆ ಇದು ದೊಡ್ಡ ಅನುಕೂಲ.

ಹಿಡಿದ ಖಳನನ್ನು ಏನು ಮಾಡಬೇಕು ಅಂತ ಮಕ್ಕಳನ್ನೇ ಕೇಳಿ. ನನ್ನ ಸಲಹೆ, ರಾಜ ಅವನನ್ನು ಮೇಲೆ ತಂದು ಮೀನುಗಾರನ ದೋಣಿಗೆ ಒಪ್ಪಿಸಲಿ. ಮುಳುಗುವವರು ಆಳದಿಂದ ಒಮ್ಮೆಲೇ ಮೇಲೆ ಬಂದರೆ ರಕ್ತದಲ್ಲಿ ಸಾರಜನಕದ ಗುಳ್ಳೆ ಎದ್ದು ಪ್ರಾಣಕ್ಕೇ ಅಪಾಯ, ಹಾಗಾಗಿ ನಿಧಾನವಾಗಿ ತರಬೇಕು. ನೀರಿನ ಹೊರಗೆ ರಾಜನಿಗೆ ಸಿಗುವ ಹೊತ್ತು ಮೊದಲೇ ಕಮ್ಮಿ. ಗೆದ್ದ ಮೇಲೂ ಎದೆ ಡವಡವ ಅನ್ನುತ್ತದೆ.

ಒಟ್ಟು ಇಪ್ಪತ್ತೈದು ನಿಮಿಷ ದಾಟಿಸಬೇಡಿ. ಬಹುಮಾನ ಹಂಚಿಕೆ, ಮುಖ್ಯ ಅತಿಥಿಗಳ ಭಾಷಣ ಎಲ್ಲ ಮುಗಿದು ನಿಮ್ಮ ಸರದಿ ಬರುವ ಹೊತ್ತಿಗೆ ಪಿಸ್ತೂಲ್ ಸಿಗಡಿ ಅಮ್ಮನ ತೊಡೆಯ ಮೇಲೆ ನಿದ್ದೆ ಮಾಡಿರುತ್ತದೆ, ಆದಷ್ಟು ಬೇಗನೆ ಹೆಸರು ಹಾಕಿಸಿ. ಮೈಕ್ ಎರಡೇ ಇದ್ದರೆ ರಂಗದ ಮುಂದೆ ಎರಡೂ ಕಡೆ ನಿಲ್ಲಿಸಿ, ಮಾತಿರುವವರು ಅಲ್ಲಿಗೇ ಬಂದು ಹೇಳಲಿ. ಗೊರಬು ಕೊಟ್ಟವರಿಗೆ ಮಾರನೇ ದಿನವೇ ವಾಪಸ್ ಮುಟ್ಟಿಸಿ. ಸಮುದ್ರದ ಕಲ್ಲಿಗೆ ನಿಜವಾದ ಆಲೂಗಡ್ಡೆಗೇ ಕಪ್ಪು ಪೇಂಟ್ ಬಳಿದಿದ್ದರೆ, ಅದನ್ನು ಬಿಸಿಯೂಟದ ಅಡುಗೆಮನೆಯ ಹತ್ತಿರ ಮಾತ್ರ ಇಡಬೇಡಿ.