ಪೆನ್ನಿಯ ಪಕ್ಕ ರೂಪಾಯಿ

ಮಂಗಳೂರಿನಲ್ಲಿ ಹಳೆ ಬ್ರಿಟಿಷ್ ನಾಣ್ಯ ಕೂಡಿಡುವವರಿಗೆ ಒಂದು ಅನುಕೂಲ ಇದೆ. ಹಡಗಿಗೆ, ಆಫ್ರಿಕಾಕ್ಕೆ, ಗಲ್ಫ್‌ಗೆ ದುಡಿಯಲು ಹೋದ ಜನ ಇಲ್ಲಿ ಜಾಸ್ತಿ. ಅವರು ತಂದ ಚಿಲ್ಲರೆ ಎಷ್ಟೋ ಮನೆಗಳಲ್ಲಿ ಈಗಲೂ ಉಳಿದಿದೆ. ನನಗೆ ಮೊದಲ ಪೆನ್ನಿ ಕೊಟ್ಟದ್ದು ಹಡಗಿನ ಕೆಲಸದಲ್ಲಿದ್ದ ದೊಡ್ಡಪ್ಪ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಈಗ ನಿವೃತ್ತನಾಗಿದ್ದೇನೆ, ಆಸೆ ಮಾತ್ರ ಹಾಗೇ ಇದೆ.

ಹೊಸಬರು ಮೊದಲು ಕೇಳುವುದು ಬೆಲೆ. ನಾನು ಬೆಲೆಯಿಂದ ಶುರು ಮಾಡಿದವನಲ್ಲ. ಇಂಗ್ಲೆಂಡಿನ ನಾಣ್ಯ ಒಂದು ಸಿಕ್ಕರೆ, ಅದೇ ದೊರೆಯ ಕಾಲದ ನಮ್ಮ ದೇಶದ ನಾಣ್ಯ ಹುಡುಕಿ ಪಕ್ಕದಲ್ಲಿ ಇಡುತ್ತಾ ಬಂದೆ. ಆಲ್ಬಮ್ಮಿನ ಎಡಗಡೆ ಪೆನ್ನಿ, ಶಿಲ್ಲಿಂಗ್. ಬಲಗಡೆ ಪೈ, ಆಣೆ, ರೂಪಾಯಿ. ಅಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಈ ಲೆಕ್ಕ 1971ರ ಫೆಬ್ರವರಿ ತನಕ ನಡೆಯಿತು. ನಮ್ಮಲ್ಲಿ 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ, 1957ರ ತನಕ. ಒಂದೊಂದೇ ನೋಡಿದಾಗ ಕಾಣದ್ದು ಜೋಡಿಯಾಗಿ ಇಟ್ಟಾಗ ಕಾಣುತ್ತದೆ.

ಐದನೇ ಜಾರ್ಜನ ಪೆನ್ನಿ ನೋಡಿ, ಬರಿತಲೆ. ಅದೇ ದೊರೆ ನಮ್ಮ ರೂಪಾಯಿಯಲ್ಲಿ ಕಿರೀಟ ಇಟ್ಟು, ನಿಲುವಂಗಿ ತೊಟ್ಟಿದ್ದಾನೆ. ಆರನೇ ಜಾರ್ಜನೂ ಹಾಗೆಯೇ: ಅಲ್ಲಿ ಬರಿತಲೆ, ಇಲ್ಲಿ ಕಿರೀಟ. ಆಳಿಸಿಕೊಳ್ಳುವವರ ಕಣ್ಣಿಗೆ ಕಿರೀಟ ಬೀಳಲೇಬೇಕು ಅಂತ ಇತ್ತು ಅನ್ನಿಸುತ್ತದೆ ನನಗೆ. 1911ರ ರೂಪಾಯಿಯಲ್ಲಿ ಆ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಅದು ಹಂದಿಯ ಹಾಗೆ ಕಾಣುತ್ತದೆ ಎಂದು ಜನ ಸಿಟ್ಟಾದರು. ಸರಕಾರ ಆ ನಾಣ್ಯ ಹಿಂದೆ ತೆಗೆದುಕೊಂಡು, 1912ರಲ್ಲಿ ಆನೆಯನ್ನು ಸರಿಯಾಗಿ ಕೆತ್ತಿಸಿತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಎರಡು ಆನೆಗಳ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿಯಲ್ಲಿ ಮಾತ್ರ ಎರಡೂ ಪೆನ್ನಿಗಳೇ. ಒಂದು 1948ರದ್ದು, ಇನ್ನೊಂದು 1949ರದ್ದು. ಅದೇ ಆರನೇ ಜಾರ್ಜನ ಮುಖ, ಹಿಂದೆ ಅದೇ ಬ್ರಿಟಾನಿಯಾ, ಅಂದರೆ ಹೆಣ್ಣಿನ ರೂಪದಲ್ಲಿ ತೋರಿಸಿದ ಬ್ರಿಟನ್. ಸುಮ್ನೆ ನೋಡಿದರೆ ಬೇರೆ ಅನ್ನಿಸುವುದಿಲ್ಲ. ಆದರೆ 1948ರದ್ದರಲ್ಲಿ ದೊರೆಯ ಮುಖದ ಸುತ್ತ ಇರುವ ಬರಹದಲ್ಲಿ ‘ಇಂಡ್ ಇಂಪ್’ ಎಂದಿದೆ. ಭಾರತದ ಚಕ್ರವರ್ತಿ ಎಂಬುದನ್ನು ಲ್ಯಾಟಿನ್‌ನಲ್ಲಿ ಚುಟುಕಾಗಿ ಹೇಳುವ ರೀತಿ ಅದು. ವಿಕ್ಟೋರಿಯಾ ಕಾಲದಲ್ಲಿ, 1895ರ ಪೆನ್ನಿಯಲ್ಲಿ ಬಂದು ಕೂತದ್ದು ಅರ್ಧ ಶತಮಾನ ಅಲ್ಲೇ ಇತ್ತು. 1948ರ ಜೂನ್‌ನಲ್ಲಿ ಜಾರ್ಜ್ ಆ ಬಿರುದು ಬಿಟ್ಟುಕೊಟ್ಟ. 1949ರ ಪೆನ್ನಿಯಲ್ಲಿ ಅದು ಇಲ್ಲ. ನಮ್ಮ ಸ್ವಾತಂತ್ರ್ಯ ಲಂಡನ್ನಿನ ಚಿಲ್ಲರೆಯವರೆಗೆ ತಲುಪಿದ್ದು ಹೀಗೆ! ಎರಡಕ್ಕೂ ದೊಡ್ಡ ಬೆಲೆ ಏನೂ ಇಲ್ಲ. ಮನೆಗೆ ಬಂದ ಮಕ್ಕಳಿಗೆ ನಾನು ಮೊದಲು ತೋರಿಸುವುದು ಇವನ್ನೇ. ಬಲಗಡೆಗೆ 1947ರ ಹುಲಿ ರೂಪಾಯಿ ಇಟ್ಟಿದ್ದೇನೆ. ಮುಂದೆ ದೊರೆ, ಹಿಂದೆ ಹುಲಿ, ಲೋಹ ನಿಕ್ಕಲ್. ಅದರ ಕೆಳಗೆ 1950ರ ಅಶೋಕ ಸ್ತಂಭದ ರೂಪಾಯಿ.

ಬೆಳ್ಳಿ ರೂಪಾಯಿ ನನಗೆ ಜಾಸ್ತಿ ಸಿಕ್ಕಿದ್ದು ರಥಬೀದಿಯ ಕಡೆಯ ಅಕ್ಕಸಾಲಿಗ ಆಚಾರ್ರ ಕೈಯಿಂದ. ಕರಗಿಸಲು ಬಂದ ರೂಪಾಯಿಗಳನ್ನು ಅವರು ತೂಕದ ಲೆಕ್ಕದಲ್ಲಿ ನೋಡುತ್ತಾರೆ. “ಆಚಾರ್ರೇ, ಕುಲುಮೆಗೆ ಹಾಕುವ ಮೊದಲು ನನಗೊಮ್ಮೆ ತೋರಿಸಿ” ಎಂದು ಹೇಳಿಟ್ಟಿದ್ದೆ. ಸರಿಯಾದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. 1940ರ ಮೊದಲಿನದ್ದರಲ್ಲಿ ನೂರಕ್ಕೆ ಸುಮಾರು 92 ಭಾಗ ಬೆಳ್ಳಿ, ಆಮೇಲೆ ಅರ್ಧ. ಇಂಗ್ಲೆಂಡಿನಲ್ಲಿ ಈ ಇಳಿಕೆ 1920ರಲ್ಲೇ ಆಗಿತ್ತು, 1947ರಿಂದ ಅಲ್ಲಿನ ಶಿಲ್ಲಿಂಗಿನಲ್ಲಿ ಬೆಳ್ಳಿಯೇ ಇಲ್ಲ. ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಎಷ್ಟೋ ನಕಲಿ ರೂಪಾಯಿಗಳು ತೂಕದಲ್ಲೇ ಸಿಕ್ಕಿಬೀಳುತ್ತವೆ.

ರಾಮ, ಹನುಮಂತನ ಚಿತ್ರ ಇರುವ ‘1818ರ ಈಸ್ಟ್ ಇಂಡಿಯಾ ಕಂಪನಿ ಆಣೆ’ ತಂದು ಲಕ್ಷಗಟ್ಟಲೆ ಹೇಳುವವರು ಇದ್ದಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಹಳೆ ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವವರೂ ಇದ್ದಾರೆ. ಅದನ್ನು ನಂಬಬೇಡಿ ಎಂದು 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಹೇಳಿದೆ.

ಇನ್ನು ನಮ್ಮ ಕರಾವಳಿಯ ಗಾಳಿ. ಉಪ್ಪು, ತೇವ ಎರಡೂ ತಾಮ್ರಕ್ಕೆ ಶತ್ರು. ಮನೆಯ ಹಿತ್ತಾಳೆ ಪಾತ್ರೆ ಹುಣಸೆಹುಳಿಯಲ್ಲಿ ಉಜ್ಜುವ ಅಭ್ಯಾಸ ನಮಗೆಲ್ಲ ಇದೆ, ಅಲ್ವಾ? ದಯವಿಟ್ಟು ನಾಣ್ಯಕ್ಕೆ ಅದು ಬೇಡ. ಹುಳಿ ಮೇಲ್ಮೈಯನ್ನು ತಿನ್ನುತ್ತದೆ, ಉಜ್ಜಿದರೆ ಗೀರು ಬೀಳುತ್ತದೆ. ಎಷ್ಟೋ ವರ್ಷ ಕೂತು ಬಂದ ಆ ಕಂದು ಬಣ್ಣ ಮತ್ತೆ ಬರುವುದಿಲ್ಲ, ಬೆಲೆಯೂ ಬಿದ್ದುಹೋಗುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಲಕೋಟೆ ಬಳಸಬೇಡಿ, ಅದರಿಂದ ಹಸಿರು ಅಂಟು ಬಿಡುತ್ತದೆ. ನಾನು ರಟ್ಟಿನ ಚೌಕಟ್ಟಿನಲ್ಲಿ ಮೈಲಾರ್ ಎಂಬ ಪಾರದರ್ಶಕ ಹಾಳೆ ಇರುವ ಹೋಲ್ಡರ್ ಬಳಸುತ್ತೇನೆ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ. ಆಟಿಯ ಜಡಿಮಳೆಯಲ್ಲಿ ಡಬ್ಬಿ ತೆರೆಯುವುದೇ ಇಲ್ಲ. ಮಳೆ ನಿಂತ ಮೇಲೆ ಒಂದೊಂದನ್ನೂ ನೋಡಿ ಪೊಟ್ಟಣ ಬದಲಿಸುತ್ತೇನೆ.

ಕಣ್ಣು ಪಳಗಲು ಮ್ಯೂಸಿಯಂ ನೋಡಬೇಕು. ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ 1913ರಷ್ಟು ಹಳೆಯದು, ನಾಣ್ಯಗಳೂ ಇವೆ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ತನ್ನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಮಾಡಿದ ನಾಣ್ಯ ಸಂಗ್ರಹಾಲಯವನ್ನೂ ಹೇಳಲೇಬೇಕು.

ಆರನೇ ಜಾರ್ಜನ ಪೆನ್ನಿ ಸಾಲಿನಲ್ಲಿ ನನಗೆ ಇನ್ನೂ 1951ರದ್ದು ಸಿಕ್ಕಿಲ್ಲ. ಆ ವರ್ಷ ಟಂಕಿಸಿದ್ದೇ 1,20,000, ಅದರಲ್ಲಿ ಹೆಚ್ಚಿನವು ಬರ್ಮುಡಾಕ್ಕೆ ಹೋದವು. ಹಾಗಾಗಿ ನಮ್ಮ ಹಡಗಿನವರು ಅದನ್ನು ತಂದಿರುವುದು ಅಪರೂಪ. ಇದೊಂದನ್ನು ಮಾತ್ರ ನಂಬಿಕೆಯ ವ್ಯಾಪಾರಿಯಿಂದ, ರಸೀದಿಯ ಜೊತೆ, ದುಡ್ಡು ಕೊಟ್ಟೇ ಕೊಳ್ಳಬೇಕು ಎಂದುಕೊಂಡಿದ್ದೇನೆ.