ಕಾದ ಮಾಳಿಗೆ ಇಳಿದರೆ ಗುರು ಸ್ಪಷ್ಟ

ಕಲಬುರಗಿಯಲ್ಲಿ ಹೊಸದಾಗಿ ಟೆಲಿಸ್ಕೋಪ್ ಕೊಂಡವರ ಮೊದಲ ದೂರು ಒಂದೇ: ಗುರು ಗ್ರಹ ಅಲುಗಾಡುತ್ತದೆ, ಪಟ್ಟೆ ಕಾಣುವುದಿಲ್ಲ. ಹೆಚ್ಚಿನ ಸಲ ದೋಷ ಮಾಳಿಗೆಯದು. ಹಗಲೆಲ್ಲ ಕಾದ ಕಾಂಕ್ರೀಟು, ಶಹಾಬಾದ್ ಕಲ್ಲು ರಾತ್ರಿ ಬಹಳ ಹೊತ್ತು ಶಾಖ ಬಿಡುತ್ತವೆ. ಆ ಬಿಸಿಗಾಳಿಯನ್ನು ದಾಟಿ ಬರುವ ಬೆಳಕು ಕದಡುತ್ತದೆ. ಮಣ್ಣಿನ ಅಂಗಳ, ಹೊಲದ ಬದು ಮೇಲು. ಮಾಳಿಗೆಯೇ ಗತಿಯೆಂದರೆ ಬೆಳಗಿನ ಜಾವ ನೋಡಿ.

114 ಮಿ.ಮೀ. ಕನ್ನಡಿ, 900 ಮಿ.ಮೀ. ನಾಭಿದೂರದ ಟೆಲಿಸ್ಕೋಪ್ ನಿಮ್ಮದೆಂದುಕೊಳ್ಳೋಣ. ಹಗಲಲ್ಲೇ ದೂರದ ಮೊಬೈಲ್ ಟವರಿನ ತುದಿಗೆ ಫೈಂಡರ್ (ಗುರಿ ಹಿಡಿಯುವ ಪುಟ್ಟ ದುರ್ಬೀನು) ಹೊಂದಿಸಿಡಿ. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಐಪೀಸಿಗೆ (ಕಣ್ಣಿಡುವ ಮಸೂರಕ್ಕೆ) ಸಿಕ್ಕಿಸುವ ಸೌರ ಫಿಲ್ಟರ್ ಬಂದಿದ್ದರೆ ಎಸೆದುಬಿಡಿ. ಶಾಖಕ್ಕೆ ಅದು ಸೀಳುತ್ತದೆ. ಇಕ್ವಟೋರಿಯಲ್ ಮೌಂಟ್ (ಭೂಮಿಯ ಅಕ್ಷಕ್ಕೆ ಸಮನಾಗಿ ಹೊಂದಿಸುವ ಸ್ಟ್ಯಾಂಡ್) ಆದರೆ ಅಕ್ಷಾಂಶದ ಮಾಪಕವನ್ನು 17 ಡಿಗ್ರಿಗೆ ತಂದು, ಅಕ್ಷವನ್ನು ಧ್ರುವ ನಕ್ಷತ್ರದತ್ತ ಇಡಿ. ನೋಡುವ ಮುಕ್ಕಾಲು ತಾಸು ಮೊದಲೇ ಕೊಳವೆ ಹೊರಗಿರಲಿ.

ಮೊದಲು 25 ಮಿ.ಮೀ. ಐಪೀಸ್: 36 ಪಟ್ಟು ವರ್ಧನೆ, ಇಡೀ ಚಂದ್ರ ಹಿಡಿಸುತ್ತದೆ. ಗ್ರಹ ನಡುವೆ ಬಂದ ಮೇಲೆ 10 ಮಿ.ಮೀ.: 90 ಪಟ್ಟು. ಪೆಟ್ಟಿಗೆಯ ಮೇಲೆ 675 ಎಂದು ಬರೆದಿದ್ದರೂ ನಂಬಬೇಡಿ. ಈ ಕನ್ನಡಿಗೆ 150 ದಾಟಿದರೆ ಸಾಮಾನ್ಯ ರಾತ್ರಿಗಳಲ್ಲಿ ಬರೀ ಮಸುಕು. ಮೋಟರ್ ಇಲ್ಲದಿದ್ದರೆ 90ರಲ್ಲಿ ಗ್ರಹ ಎರಡೇ ನಿಮಿಷದಲ್ಲಿ ಜಾರಿಹೋಗುತ್ತದೆ, ಸ್ಲೋಮೋಷನ್ ಗುಬುಟು ತಿರುಗಿಸುತ್ತಿರಬೇಕು.

ನಡುವೆ ಕಪ್ಪು ತೂತಿನ ದೊಡ್ಡ ಬಿಲ್ಲೆ ಕಂಡರೆ ಅದು ಗ್ರಹವಲ್ಲ, ಫೋಕಸ್ ತಪ್ಪಿದೆ. ಬಿಲ್ಲೆ ಕಿರಿದಾಗುವ ಕಡೆಗೆ ತಿರುಗಿಸಿ. ತೂತು ಒಂದು ಪಕ್ಕಕ್ಕೆ ಸರಿದಿದ್ದರೆ ಕನ್ನಡಿಗಳ ಜೋಡಣೆ ಕೆಟ್ಟಿದೆ. ಹಿಂಬದಿಯ ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬೇಡಿ.

ಚಂದ್ರನಿಗೆ ಹುಣ್ಣಿಮೆ ಬೇಡವೇ ಬೇಡ. ನೆರಳಿಲ್ಲದೆ ಕುಳಿಗಳೆಲ್ಲ ಚಪ್ಪಟೆ. ಶುಕ್ಲ ಪಂಚಮಿಯಿಂದ ದಶಮಿವರೆಗೆ ಬೆಳಕು–ಕತ್ತಲೆಯ ಗಡಿಯನ್ನೇ ಹುಡುಕಿ: ಷಷ್ಠಿಯ ಆಸುಪಾಸು ಥಿಯೋಫಿಲಸ್, ದಶಮಿಯ ಹೊತ್ತಿಗೆ ಕೋಪರ್ನಿಕಸ್ ಕುಳಿ. ಗೋಡೆಯ ಮೆಟ್ಟಿಲುಗಳು, ನಡುವಿನ ಬೆಟ್ಟಗಳೂ ಸಿಗುತ್ತವೆ. ಇಷ್ಟು ಸೊಗಸು ಈ ಟೆಲಿಸ್ಕೋಪಿನಲ್ಲಿ ಬೇರೆಲ್ಲೂ ಇಲ್ಲ.

ಗುರುವಿನ ನಾಲ್ಕು ಚಂದ್ರರ ಸ್ಥಾನವನ್ನು ಹಾಳೆಯಲ್ಲಿ ಗುರುತಿಸಿ, ಎರಡು ತಾಸು ಬಿಟ್ಟು ಮತ್ತೆ ನೋಡಿ. 42 ತಾಸಿಗೊಮ್ಮೆ ಸುತ್ತು ಹಾಕುವ ಅಯೋ ಸರಿದಿರುತ್ತದೆ. ಶನಿಯ ಉಂಗುರ 2025ರಲ್ಲಿ ಅಂಚಷ್ಟೇ ನಮ್ಮತ್ತ ತಿರುಗಿ ಗೆರೆಯಂತಾಗಿತ್ತು, ಇನ್ನು ಮುಂದೆ ಕೆಲವು ವರ್ಷ ಅಗಲವಾಗುತ್ತ ಹೋಗುತ್ತದೆ. ಶುಕ್ರನ ಕಲೆ (ಚಂದ್ರನಂತೆ ಬದಲಾಗುವ ಆಕಾರ) ನೋಡಲು ಸೂರ್ಯ ಪೂರ್ತಿ ಮುಳುಗಿದ ಕೂಡಲೇ, ಆಕಾಶದಲ್ಲಿ ಬೆಳಕಿರುವಾಗಲೇ ತಿರುಗಿಸಿ. ಕತ್ತಲಾದರೆ ಬರೀ ಪ್ರಖರತೆ.

ಕನ್ನಡಿಗೆ ಧೂಳು ಕೂತರೆ ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ರಬ್ಬರ್ ಬ್ಲೋವರ್ ಸಾಕು.