ಹಿತ್ತಿಲಿನಲ್ಲಿ ಮೀಟರ್ ಗೇಜ್

ಹಾಲು ಹಾಕುವ ಅಜ್ಜಿ ನಮ್ಮ ಹಿತ್ತಿಲಿನ ಪುಟ್ಟ ರೈಲನ್ನು ಮೊದಲ ಸಲ ನೋಡಿದಾಗ ಕೇಳಿದ್ದು ಒಂದೇ ಪ್ರಶ್ನೆ: "ಇದು ಎಲ್ಲಿಗೆ ಹೋಗುತ್ತದೆ ಮೇಷ್ಟ್ರೇ?" ಎಲ್ಲಿಗೂ ಹೋಗುವುದಿಲ್ಲ, ಪೇರಲ ಗಿಡ ಸುತ್ತಿಕೊಂಡು ಇಲ್ಲಿಗೇ ಬರುತ್ತದೆ ಎಂದೆ. "ನಮ್ಮ ಎಮ್ಮೆಯೂ ಹಾಗೇ" ಎಂದು ಕ್ಯಾನು ಎತ್ತಿಕೊಂಡು ಹೊರಟಳು.

ಚಿತ್ರದುರ್ಗದ ನಮ್ಮ ಮನೆಯ ಹಿಂದೆ 28 ಅಡಿ ಉದ್ದ, 14 ಅಡಿ ಅಗಲದ ಹಿತ್ತಿಲಿದೆ. ಅದರಲ್ಲಿ ಈಗ 18 ಮೀಟರ್ ಸುತ್ತಳತೆಯ ಹಳಿ, ಎರಡು ಎಂಜಿನ್, ಆರು ಗೂಡ್ಸ್ ಡಬ್ಬಿಗಳಿವೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದ ನನಗೆ ಈ ಮರುಳು ಹತ್ತಿದ್ದು ಜರ್ಮನಿಯಲ್ಲಿ. ಮಗ ಅಲ್ಲಿ ಕೆಲಸದಲ್ಲಿದ್ದಾಗ ಎರಡು ತಿಂಗಳು ಹೋಗಿದ್ದೆವು. ಪಕ್ಕದ ಮನೆಯ ಮುದುಕ ತನ್ನ ತೋಟದಲ್ಲಿ ಕೆಂಪು ಬಣ್ಣದ ಸ್ವಿಸ್ ರೈಲು ಓಡಿಸುತ್ತಿದ್ದ. ಬೇಲಿಯ ಈಚೆ ನಿಂತು ಎಷ್ಟು ಹೊತ್ತು ನೋಡಿದೆನೋ, ಕೊನೆಗೆ ಅವನೇ ಒಳಗೆ ಕರೆದು ಕಂಟ್ರೋಲರ್ ಅನ್ನು ನನ್ನ ಕೈಗೆ ಕೊಟ್ಟ. ಭಾಷೆ ಬಾರದ ಇಬ್ಬರು ಮುದುಕರು ಒಂದು ಮಧ್ಯಾಹ್ನವಿಡೀ ರೈಲು ಬಿಟ್ಟೆವು. ಚಳಿಗಾಲದಲ್ಲಿ ಹಿಮ ಬಿದ್ದರೆ ಹಳಿ ತೆರವು ಮಾಡಲು ಅವನ ಬಳಿ ಪುಟ್ಟ ಹಿಮನೇಗಿಲು ಕೂಡ ಇತ್ತು.

ಅವನದು ಎಲ್‌ಜಿಬಿ ರೈಲು. ನ್ಯೂರೆಂಬರ್ಗಿನ ಲೇಮನ್ ಎಂಬ ಆಟಿಕೆ ಕಂಪನಿ ಇದನ್ನು 1968ರಲ್ಲಿ ಮಾರುಕಟ್ಟೆಗೆ ತಂದಿತು. ಮಳೆ ಬಿಸಿಲಿಗೆ ಅಂಜದ, ತೋಟದಲ್ಲೇ ಬಿಡಬಹುದಾದ ಹಳಿ ಅದರ ಹೆಗ್ಗಳಿಕೆ. ಹಳಿಗಳ ನಡುವಿನ ಅಂತರ, ಅಂದರೆ ಗೇಜ್, 45 ಮಿಲಿಮೀಟರ್. ಅಳತೆ 1:22.5, ಅಂದರೆ ನಿಜವಾದ ರೈಲಿನ ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು. ಊರಿಗೆ ಬಂದ ಮೇಲೆ ಒಂದು ರಾತ್ರಿ ಪೇಪರಿನ ಅಂಚಿನಲ್ಲಿ ಸುಮ್ಮನೆ ಗುಣಿಸಿ ನೋಡಿದೆ. 45ನ್ನು 22.5ರಿಂದ ಗುಣಿಸಿದರೆ 1012.5. ಸಾವಿರ ಮಿಲಿಮೀಟರ್ ಎಂದರೆ ಒಂದು ಮೀಟರ್. ಆಲ್ಪ್ಸ್ ಬೆಟ್ಟ ಹತ್ತುವ ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆ ಮೀಟರ್ ಗೇಜ್. ಹಾಗಾದರೆ ನಾನು ಹುಡುಗನಾಗಿದ್ದಾಗ ದುರ್ಗದಿಂದ ಚಿಕ್ಕಜಾಜೂರಿಗೆ ಹೋಗಿ ಹುಬ್ಬಳ್ಳಿ ಗಾಡಿ ಹಿಡಿಯುತ್ತಿದ್ದೆನಲ್ಲ, ಕಿಟಕಿಯಿಂದ ತಲೆ ಹಾಕಿದರೆ ಕಣ್ಣಿಗೆ ಕಲ್ಲಿದ್ದಲಿನ ಕಿಡಿ ಬೀಳುತ್ತಿತ್ತಲ್ಲ, ಆ ಗಾಡಿ? ಅದೂ ಮೀಟರ್ ಗೇಜೇ. ತೊಂಬತ್ತರ ದಶಕದಲ್ಲಿ ಕಿತ್ತು ಬ್ರಾಡ್ ಗೇಜ್ ಮಾಡಿದ ಆ ಹಳಿಗೆ ಜರ್ಮನಿಯ ಆಟಿಕೆಯವರು ಅಳತೆ ತೆಗೆದಿಟ್ಟಂತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಹೊರದೇಶದವರು ಏನು ಮಾಡುತ್ತಾರೆ ಎಂದು ಓದುತ್ತಾ ಹೋದೆ. 45 ಮಿಲಿಮೀಟರ್ ಹಳಿ ಒಂದೇ, ಆದರೆ ಅದರ ಮೇಲೆ ಒಬ್ಬೊಬ್ಬರು ಒಂದೊಂದು ಅಳತೆಯ ರೈಲು ಓಡಿಸುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಮೂರೂವರೆ ಅಡಿ ಗೇಜಿನ ಹಳಿಗಳಿವೆ. ಅಲ್ಲಿನವರು ಅದಕ್ಕೆ ಸರಿಯಾಗಿ 1:24 ಹಿಡಿಯುತ್ತಾರೆ. ಅಮೆರಿಕದಲ್ಲಿ ಕೊಲೊರಾಡೊದ ಬೆಟ್ಟಗಳ ಮೂರಡಿ ಗೇಜನ್ನು ಪ್ರೀತಿಸುವವರದು 1:20.3. ಈ ದಶಮಾಂಶದ ನಿಷ್ಠೆಗೆ ನಾನು ಕೈ ಮುಗಿದೆ. ಆದರೆ ಅದೇ ಅಮೆರಿಕದಲ್ಲಿ ದೊಡ್ಡ ಡೀಸೆಲ್ ಎಂಜಿನ್, ಉದ್ದುದ್ದ ಗೂಡ್ಸ್ ಬೇಕೆನ್ನುವವರು 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜನ್ನು 1:29ರಲ್ಲಿ ಮಾಡಿ ಇದೇ ಹಳಿಯ ಮೇಲೆ ಬಿಡುತ್ತಾರೆ. 1435ನ್ನು 29ರಿಂದ ಭಾಗಿಸಿ ನೋಡಿ, 49.5 ಬರುತ್ತದೆ. ನಾಲ್ಕೂವರೆ ಮಿಲಿಮೀಟರ್ ಮಾಯ! 1:32 ಹಿಡಿದಿದ್ದರೆ ಲೆಕ್ಕ ಕೂಡುತ್ತಿತ್ತು. ಆದರೆ ರೈಲು ಅಷ್ಟು ಗಾತ್ರ ಕಾಣುವುದಿಲ್ಲ, ಅವರಿಗೆ ಗಾತ್ರ ಮುಖ್ಯ. ನನ್ನ ವಿದ್ಯಾರ್ಥಿಯಾಗಿದ್ದರೆ ಅಂಕ ಕಳೆಯುತ್ತಿದ್ದೆ.

ಇಂಗ್ಲೆಂಡಿನವರ ದಾರಿಯೇ ಬೇರೆ. ವೇಲ್ಸ್‌ನ ಸ್ಲೇಟು ಕಲ್ಲಿನ ಗಣಿಗಳಿಂದ ಬರುತ್ತಿದ್ದ ಎರಡಡಿ ಗೇಜಿನ ಪುಟ್ಟ ರೈಲುಗಳೆಂದರೆ ಅವರಿಗೆ ಪ್ರಾಣ. ಅದಕ್ಕೆ 32 ಮಿಲಿಮೀಟರ್ ಹಳಿ. ಒಂದು ಅಡಿಗೆ 16 ಮಿಲಿಮೀಟರ್ ಎಂಬ, ಇಂಚು ಮತ್ತು ಮೆಟ್ರಿಕ್ ಎರಡನ್ನೂ ಒಂದೇ ಲೋಟದಲ್ಲಿ ಕಲಸಿದ ಅಳತೆ. ಅವರಲ್ಲಿ ಬಹಳ ಜನರಿಗೆ ವಿದ್ಯುತ್ತು ಬೇಡ, ನಿಜವಾದ ಉಗಿಯೇ ಬೇಕು. ನಮ್ಮ ಡಾರ್ಜಿಲಿಂಗ್ ರೈಲು ಕೂಡ ಎರಡಡಿಯದೇ ಆದ್ದರಿಂದ ಅದರ ಬಿ ಕ್ಲಾಸ್ ಎಂಜಿನ್ ಇಂಗ್ಲೆಂಡಿನ ತೋಟಗಳಲ್ಲಿ ಉಗಿ ಬಿಡುತ್ತಾ ಓಡುತ್ತದೆ. ದುರ್ಗದ ಎಂಜಿನ್ ಯಾರ ತೋಟದಲ್ಲೂ ಇರಲಿಲ್ಲ.

ಕೊಂಡು ತರುವ ಮಾತೇ ಇರಲಿಲ್ಲ. ಹೊಸ ಎಂಜಿನ್ ಒಂದರ ಬೆಲೆಗೆ ಸಾಗಣೆ, ಸುಂಕ ಸೇರಿಸಿದಾಗ ನನ್ನ ಪಿಂಚಣಿ ನಾಚಿಕೊಂಡಿತು. ಹಳಿಯಿಂದಲೇ ಶುರುಮಾಡಿದೆ.

ಹಳಿಯ ಕೆಳಗೆ ಅಡ್ಡಲಾಗಿ ಹಾಕುವ ಮರದ ಸ್ಲೀಪರ್ ಮೀಟರ್ ಗೇಜಿನಲ್ಲಿ ಆರು ಅಡಿ ಉದ್ದ, ಎಂಟು ಇಂಚು ಅಗಲ. ನಮ್ಮ ಅಳತೆಗೆ ಇಳಿಸಿದರೆ 81 ಮಿಲಿಮೀಟರ್ ಉದ್ದ, 9 ಮಿಲಿಮೀಟರ್ ಅಗಲ. ಹಳಿಗೆ 6 ಮಿಲಿಮೀಟರ್ ಎತ್ತರ, 3 ಮಿಲಿಮೀಟರ್ ದಪ್ಪದ ಹಿತ್ತಾಳೆ ಪಟ್ಟಿ. ಅದನ್ನು ನಿಲ್ಲಿಸಲು ಪ್ರತಿ ಸ್ಲೀಪರಿಗೂ ಎರಡು ಕಚ್ಚು ಬೇಕು. ಬಡಗಿಯವರ ಮೆಷಿನ್ ಗರಗಸ ಒಂದು ಸಲ ಹೋದರೆ ಬೀಳುವ ಕಚ್ಚು ಸುಮಾರು 3 ಮಿಲಿಮೀಟರ್. ಇದನ್ನು ಕಂಡುಕೊಂಡಾಗ ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. 81 ಮಿಲಿಮೀಟರ್ ಅಗಲದ ಉದ್ದನೆಯ ಹಲಗೆ ತೆಗೆದುಕೊಂಡು, ಅದರುದ್ದಕ್ಕೂ 45 ಮಿಲಿಮೀಟರ್ ಅಂತರ ಬಿಟ್ಟು ಎರಡು ಕಚ್ಚು ಹೊಡೆದು, ಆಮೇಲೆ ಬ್ರೆಡ್ಡಿನಂತೆ 9 ಮಿಲಿಮೀಟರಿಗೆ ಒಂದೊಂದು ಚೂರು ಕತ್ತರಿಸಿದರಾಯಿತು. ಆಚಾರಿ ಮಾತಾಡದೆ ಕತ್ತರಿಸಿಕೊಟ್ಟ. ಇನ್ನೂರು ಸ್ಲೀಪರ್ ಚೀಲದಲ್ಲಿ ತಂದು, ಮೊದಲನೆಯದನ್ನು ಹಳಿಗೆ ಒತ್ತಿದೆ. ಟಕ್ ಎಂದಿತು. ಎರಡನೆಯದೂ ಟಕ್. ಎಲ್ಲವೂ ಕಚ್ಚಿನಲ್ಲೇ ಮುರಿದವು.

ಮುರಿದ ಚೂರುಗಳನ್ನು ಮುಂದೆ ಸುರಿದಾಗ ಆಚಾರಿ ಒಂದನ್ನು ಬೆಳಕಿಗೆ ಹಿಡಿದು ತೋರಿಸಿದ. "ಮೇಷ್ಟ್ರೇ, ಮರದ ಎಳೆ ನೋಡಿ. ಸ್ಲೀಪರಿಗೆ ಅಡ್ಡ ಬಂದಿದೆ. ಮುರಿಯದೆ ಏನು ಮಾಡುತ್ತದೆ?" ಮೊದಲೇ ಏಕೆ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ಲವಲ್ಲ" ಎಂದ. ಆಮೇಲೆ ಅವನೇ ದಾರಿ ಮಾಡಿದ. ಮೊದಲು ಎಳೆಯ ಗುಂಟ 9 ಮಿಲಿಮೀಟರಿನ ರೀಪು ಸೀಳಿ, 81ಕ್ಕೆ ತುಂಡು ಮಾಡಿ, ನಲವತ್ತು ತುಂಡುಗಳನ್ನು ಒಂದು ಚೌಕಟ್ಟಿನಲ್ಲಿ ಒತ್ತೊತ್ತಾಗಿ ಜೋಡಿಸಿ ಬೆಣೆ ಹೊಡೆದು, ಇಡೀ ಸಾಲಿನ ಮೇಲೆ ಗರಗಸ ಓಡಿಸಿದ. ಒಂದು ಸಲಕ್ಕೆ ನಲವತ್ತು ಸ್ಲೀಪರ್. ಒಟ್ಟು ಐನೂರೈವತ್ತು ಬೇಕಾದವು. ಪ್ಯಾಕಿಂಗ್ ಪೆಟ್ಟಿಗೆಯ ಮರದಲ್ಲಿ ಮಾಡಿದ್ದನ್ನೆಲ್ಲ ಒಂದೇ ಮಳೆಗಾಲದಲ್ಲಿ ಗೆದ್ದಲು ತಿಂದಿತು. ಈಗ ಇರುವವು ಕರಿಜಾಲಿಯವು, ಗ್ಯಾರೇಜಿನ ಹಳೇ ಆಯಿಲಿನಲ್ಲಿ ಎರಡು ದಿನ ನೆನೆದವು. ಆ ಎರಡು ದಿನ ಮನೆಯವಳು ಹಿತ್ತಿಲ ಬಾಗಿಲು ತೆಗೆಯಲಿಲ್ಲ.

ನೆಲ ಒಂದು ಕಡೆಗೆ ನಾಲ್ಕು ಇಂಚು ಇಳಿಜಾರು. ಗಾರೆಯವರ ಟ್ಯೂಬ್ ಲೆವೆಲ್ ಹಿಡಿದು ಇಟ್ಟಿಗೆಯ ಮೇಲೆ ಕಾಂಕ್ರೀಟ್ ಪಟ್ಟಿ ಹಾಕಿಸಿದೆ. ಅದರ ಮೇಲೆ ಜಲ್ಲಿ. ನಿಜವಾದ ಹಳಿಯ 50 ಮಿಲಿಮೀಟರ್ ಜಲ್ಲಿ ನಮ್ಮಲ್ಲಿ ಎರಡು ಮಿಲಿಮೀಟರ್ ಆಗಬೇಕು. ಕ್ರಷರಿನ ಪುಡಿಯನ್ನು ಎರಡು ಜರಡಿಯಲ್ಲಿ ಆಡಿಸಿದರೆ ಬೇಕಾದಷ್ಟು ಸಿಗುತ್ತದೆ. ಕಲ್ಲಿಗೆ ದುರ್ಗದಲ್ಲಿ ಬರವೇ?

ತಿರುವಿನ ತ್ರಿಜ್ಯ ಒಂದೂವರೆ ಮೀಟರ್. ಮೀಟರ್ ಗೇಜಿನ ಅತಿ ಬಿಗಿಯಾದ 16 ಡಿಗ್ರಿ ತಿರುವೇ 109 ಮೀಟರ್ ತ್ರಿಜ್ಯದ್ದು. ಅದನ್ನು ಇಳಿಸಿದರೂ ಐದು ಮೀಟರಿನ ಹತ್ತಿರ ಬರುತ್ತದೆ, ಪಕ್ಕದ ಮನೆಯವರ ಬಚ್ಚಲು ಒಡೆಯಬೇಕಾಗುತ್ತದೆ. ಒಂದು ಚೋದ್ಯ ಹೇಳುತ್ತೇನೆ: ತ್ರಿಜ್ಯ ಎಷ್ಟೇ ಇರಲಿ, ಒಂದು ಪೂರ್ತಿ ಸುತ್ತಿಗೆ ಹೊರಗಿನ ಹಳಿ ಒಳಗಿನದಕ್ಕಿಂತ 30 ಸೆಂಟಿಮೀಟರ್ ಮಾತ್ರ ಉದ್ದ. ಅಂತರ 45ಕ್ಕೆ ಹಳಿಯ ದಪ್ಪ 3 ಸೇರಿ 48; 2π ಗುಣಿಸು 48 ಮಿಲಿಮೀಟರ್, ಅಷ್ಟೇ. ಮೊಮ್ಮಗ ನಂಬದೆ ದಾರ ಹಿಡಿದು ಅಳೆದ. ತರಗತಿಯಲ್ಲಿ ಇಷ್ಟು ವರ್ಷ π ಹೇಳಿದ್ದಕ್ಕೆ ಒಬ್ಬ ವಿದ್ಯಾರ್ಥಿ ದಾರ ತಂದಿರಲಿಲ್ಲ.

ಪುಸ್ತಕದ ಬುದ್ಧಿ ಕೈಕೊಟ್ಟದ್ದು ಬಿಸಿಲಿನಲ್ಲಿ. ತಣ್ಣನೆಯ ದೇಶದವರ ವಿವರಣೆ ಓದಿ ಪಟ್ಟಿಗಳನ್ನು ಜನವರಿಯ ಬೆಳಗ್ಗೆ ಒಂದಕ್ಕೊಂದು ಒತ್ತಿ ಕೂಡಿಸಿದ್ದೆ. ಏಪ್ರಿಲ್ ಮಧ್ಯಾಹ್ನ ಹೊರಗೆ ಬಂದರೆ ನೇರ ಹಳಿ ಹಾವಿನಂತೆ ಹೊರಳಿ ಮಲಗಿತ್ತು. ಒಂದು ಮೀಟರ್ ಹಿತ್ತಾಳೆ ಒಂದು ಡಿಗ್ರಿ ಬಿಸಿಗೆ 0.019 ಮಿಲಿಮೀಟರ್ ಹಿಗ್ಗುತ್ತದೆ. 18 ಮೀಟರಿಗೆ ಮೂವತ್ತು ಡಿಗ್ರಿ ಏರಿದರೆ ಒಂದು ಸೆಂಟಿಮೀಟರ್. ಅದು ಹೋಗುವುದಾದರೂ ಎಲ್ಲಿಗೆ? ಎಲ್ಲವನ್ನೂ ಬಿಚ್ಚಿ, ನಾಲ್ಕು ನಾಲ್ಕು ಅಡಿಯ ತುಂಡು ಮಾಡಿ, ಪ್ರತಿ ಕೂಡಿಕೆಯಲ್ಲೂ ಹಳೆಯ ಎಟಿಎಂ ಕಾರ್ಡಿನ ದಪ್ಪದಷ್ಟು ಸಂದು ಬಿಟ್ಟೆ. ಕಾರ್ಡಿನ ದಪ್ಪ 0.76 ಮಿಲಿಮೀಟರ್. ಲೆಕ್ಕದಲ್ಲಿ ಬೇಕಾದದ್ದು 0.7. ಬ್ಯಾಂಕಿನವರು ಬೇಡವೆಂದ ಕಾರ್ಡು ನಮ್ಮ ಹಳಿ ನೋಡಿಕೊಳ್ಳುವ ಕಾಯಂ ಗ್ಯಾಂಗ್‌ಮನ್ ಆಯಿತು. ಸಂದು ಬಿಟ್ಟ ಮೇಲೆ ಇನ್ನೊಂದು ಲಾಭವೂ ಆಯಿತು: ಗಾಲಿ ದಾಟುವಾಗ ಟಕಟಕ್, ಟಕಟಕ್ ಎನ್ನುತ್ತದೆ.

ಜರ್ಮನಿಯ ಮುದುಕ ಹಳಿಯಲ್ಲೇ ಕರೆಂಟು ಹರಿಸುತ್ತಿದ್ದ. ನಮ್ಮ ಧೂಳಿಗೆ ಅದು ಆಗದ ಮಾತು, ದಿನಾ ಹಳಿ ಒರೆಸುತ್ತಾ ಕೂರಬೇಕು. ಅದಕ್ಕೇ ಎಂಜಿನ್ನಿನ ಹೊಟ್ಟೆಯಲ್ಲೇ ಬ್ಯಾಟರಿ, ನಿಮಿಷಕ್ಕೆ 150 ಸುತ್ತು ತಿರುಗುವ 12 ವೋಲ್ಟಿನ ಗೇರ್ ಮೋಟಾರ್. ಮಾದರಿ ವೈಜಿ, ಮೀಟರ್ ಗೇಜಿನ ಗೂಡ್ಸ್ ಎಂಜಿನ್. ಅದರ ನಾಲ್ಕಡಿ ಗಾಲಿ ನಮ್ಮಲ್ಲಿ 54 ಮಿಲಿಮೀಟರ್. ಲೇತ್ ಅಂಗಡಿಯಲ್ಲಿ ತಿರುವಿಸಿದೆ. ಒಂದು ಸುತ್ತಿಗೆ 17 ಸೆಂಟಿಮೀಟರ್ ಓಟ. ಲೆಕ್ಕ ಹಾಕಿದರೆ ನಿಜದ ಅಳತೆಯಲ್ಲಿ ಗಂಟೆಗೆ 34 ಕಿಲೋಮೀಟರ್. ಗೂಡ್ಸಿಗೆ ಅದೇ ಧಾರಾಳ. ತಿರುವಿನಲ್ಲಿ ಸಿಕ್ಕಿಕೊಳ್ಳದಿರಲು ನಡುವಿನ ಎರಡು ಜೋಡಿ ಗಾಲಿಗಳ ಅಂಚನ್ನು ತೆಗೆಸಿದ್ದೇನೆ. ಮೈ ಎಲ್ಲ ಪಿವಿಸಿ ಪೈಪು ಮತ್ತು ಫೋಮ್ ಶೀಟು. ಪ್ಯಾಸೆಂಜರ್ ಬೋಗಿ ಮಾಡಲಿಲ್ಲ. ಹತ್ತೊಂಬತ್ತೂವರೆ ಮೀಟರಿನ ಬೋಗಿ ಇಲ್ಲಿ 87 ಸೆಂಟಿಮೀಟರ್ ಆಗಿ, ತಿರುವಿನಲ್ಲಿ ಬಸಳೆ ಚಪ್ಪರಕ್ಕೆ ಗುದ್ದುತ್ತದೆ. ಮೊಮ್ಮಗ ಚಳ್ಳಕೆರೆಯ ಶೇಂಗಾ ಲೋಡು ಎಂದು ನಿಜವಾದ ಶೇಂಗಾಕಾಯಿ ತುಂಬಿದ. ಮೂರು ಸೆಂಟಿಮೀಟರಿನ ಕಾಯಿ ಆ ಲೋಕದಲ್ಲಿ ಎರಡು ಅಡಿಗಿಂತ ಉದ್ದ. "ತಾತ, ಅಂಥ ಒಂದು ಕಾಯಿ ಸಿಕ್ಕರೆ ಮನೆಗೆಲ್ಲ ಚಟ್ನಿ" ಎಂದ.

ಗಿಡದ ವಿಷಯದಲ್ಲಿ ಯುರೋಪಿನವರನ್ನು ಅನುಕರಿಸಲು ಹೋಗಿ ಕೆಟ್ಟೆ. ಅವರು ಕುಬ್ಜ ಜಾತಿಯ ಸೂಚಿಪರ್ಣಿ ನೆಡುತ್ತಾರೆ. ನರ್ಸರಿಯಿಂದ ತಂದ ನಾಲ್ಕು ಗಿಡ ಮೇ ತಿಂಗಳು ನೋಡಲಿಲ್ಲ. ಈಗ ಒಂದಡಿಯ ಕಾಮಕಸ್ತೂರಿ ನಮ್ಮ ಹುಣಸೆಮರ, ದೊಡ್ಡಪತ್ರೆ ಹೊಂಗೆ, ಡಬ್ಬಗಳ್ಳಿ ಡಬ್ಬಗಳ್ಳಿಯೇ. ಮೂರು ಗುಂಡುಕಲ್ಲು ಒಂದರ ಮೇಲೊಂದು ಇಟ್ಟೆ, ದುರ್ಗದ ಬೆಟ್ಟವಾಯಿತು. ಅದರ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತವನ್ನು ಮಾತ್ರ ಅಳತೆಗೆ ಇಳಿಸಲಾಗಲಿಲ್ಲ.

ಕಳೆದ ವರ್ಷ ಮಗ ಬರುವಾಗ ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಉಗಿ ಎಂಜಿನ್ ಒಂದನ್ನು ತಂದ. ಗಾಲಿಗಳನ್ನು ಸರಿಸಿ 32ರಿಂದ 45ಕ್ಕೆ ಹೊಂದಿಸಬಹುದಾದದ್ದು. ಲೈಟರಿಗೆ ತುಂಬುವ ಬ್ಯೂಟೇನ್, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಬಾಯ್ಲರಿನೊಳಗೆ ಸುಣ್ಣ ಬಳಿದಂತೆ. ಮಾರ್ಚ್ ಮಧ್ಯಾಹ್ನ ಹಚ್ಚಿದೆವು. ಗಾಡಿ ಓಡಿತು, ಉಗಿ ಕಾಣಲಿಲ್ಲ! ಒಣ ಬಿಸಿಗಾಳಿಯಲ್ಲಿ ಉಗಿ ಹನಿಗಟ್ಟುವ ಮೊದಲೇ ಕರಗಿಹೋಗುತ್ತದೆ. ಇಂಗ್ಲೆಂಡಿನವರು ಉಗಿಗೆ ಏಕೆ ಸೋತರು ಎಂದು ನನಗೆ ತಿಳಿದದ್ದು ಡಿಸೆಂಬರಿನಲ್ಲಿ, ಬೆಳಗಿನ ಆರೂವರೆಗೆ. ಕಾಮಕಸ್ತೂರಿಯ ಮೇಲೆ ಮಂಜು ಕೂತಿತ್ತು. ಎಂಜಿನ್ ಪೇರಲ ಗಿಡದ ಹಿಂದೆ ಮರೆಯಾಯಿತು, ಬಿಳಿ ಉಗಿ ಮಾತ್ರ ಬೇಲಿಯ ಗುಂಟ ಹಿಂದೆ ಉಳಿಯಿತು. ಮನೆಯವಳು ಕಾಫಿ ಲೋಟ ಹಿಡಿದು ನಿಂತವಳು, "ರೀ, ಇನ್ನೊಂದು ಸುತ್ತು ಬಿಡಿ" ಎಂದಳು. ಆಯಿಲಿನ ವಾಸನೆಯ ಜಗಳ ಅಂದಿಗೆ ಮುಗಿಯಿತು.

ನಮ್ಮ ಬೀದಿಯಲ್ಲಿ ನಿವೃತ್ತ ಗ್ಯಾಂಗ್‌ಮನ್ ಒಬ್ಬರಿದ್ದಾರೆ. ಸುದ್ದಿ ಕೇಳಿ ಬಂದವರು ಎಂಜಿನ್ ಕಡೆ ನೋಡಲೇ ಇಲ್ಲ. ನೆಲಕ್ಕೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿ ಹಳಿಯ ಗುಂಟ ನೋಡಿದರು. "ಮೇಷ್ಟ್ರೇ, ಆ ಮೂರನೇ ಜಾಯಿಂಟ್ ಕೂತಿದೆ, ಪ್ಯಾಕಿಂಗ್ ಇಲ್ಲ" ಎಂದರು. ಅಲ್ಲೇ ಗಾಡಿ ಹಳಿ ತಪ್ಪುತ್ತಿತ್ತು. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ಲೀಪರಿನ ಅಡಿಗೆ ಜಲ್ಲಿ ಕುಟ್ಟಿದರು. ಈಗ ಪ್ರತಿ ಭಾನುವಾರ ಬಂದು ಸುತ್ತು ಹಾಕುತ್ತಾರೆ. ಸ್ಟೇಷನ್ನಿಗೆ ಹಳದಿ ಬೋರ್ಡು ಬರೆಸಿದಾಗ ನಾನು ಚಿತ್ರದುರ್ಗ ಎಂದೆ, ಅವರು ಒಪ್ಪಲಿಲ್ಲ. ಅವರ ಸರ್ವಿಸ್ಸೆಲ್ಲ ಚಿಕ್ಕಜಾಜೂರಿನಲ್ಲಿ ಕಳೆದದ್ದು, ಅದನ್ನೇ ಬರೆಯಬೇಕಂತೆ, ಕೆಳಗೆ ಜಂಕ್ಷನ್ ಎಂದೂ ಸೇರಿಸಬೇಕಂತೆ. ಒಂದೇ ಸುತ್ತಿನ ಹಳಿಗೆ ಜಂಕ್ಷನ್ ಎಂದು ಹೇಗೆ ಬರೆಯುವುದು ಎಂದೆ. "ಇನ್ನೊಂದು ಲೈನ್ ಹಾಕಿ" ಎಂದರು. ಪೇರಲ ಗಿಡದ ಆಚೆ ಮೂರಡಿ ಜಾಗವಿದೆ. ಆಚಾರಿಗೆ ಇನ್ನೂ ಇನ್ನೂರು ಸ್ಲೀಪರ್ ಹೇಳಿ ಬಂದಿದ್ದೇನೆ.